ಆಟ ಹಳೆಯದು, ನಿಯಮ ಹೊಸದು

ರಜೆಗೆ ಕಬ್ಬೂರದಂತಹ ಊರಿನ ಅಜ್ಜಿಮನೆಗೆ ಮೊಮ್ಮಕ್ಕಳು ಬಂದರೆ ಎರಡು ದಿನ ಲೂಡೋ, ಮೂರನೆಯ ದಿನ ಜಗಳ. ಆರು ಬೀಳದೆ ಕಾಯಿ ಹೊರಗೇ ಬಾರದಿದ್ದರೆ ಚಿಕ್ಕ ಮಗು ಎಷ್ಟು ಹೊತ್ತು ಸುಮ್ಮನೆ ಕುಳಿತೀತು? ಸಹೋದರಿಯರೇ, ಹೊಸ ಆಟಿಕೆ ಕೊಳ್ಳುವ ಮುಂಚೆ ನಿಯಮವನ್ನೊಮ್ಮೆ ಬದಲಿಸಿ ನೋಡಿ. ಒಂದು ಬಿದ್ದರೂ ಕಾಯಿ ಹೊರಬರಲಿ. ಅಜ್ಜಿ ಮತ್ತು ಕಿರಿಯ ಮಗು ಜೋಡಿಯಾಗಲಿ, ಒಬ್ಬರ ಕಾಯಿಯನ್ನು ಇನ್ನೊಬ್ಬರು ನಡೆಸಲಿ.

ಲೂಡೋ ಹುಟ್ಟಿದ್ದೇ ಹೀಗೆ. ನಮ್ಮ ಪಚ್ಚೀಸಿಯ ಕವಡೆ ತೆಗೆದು ದಾಳವಿಟ್ಟು ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಮಾಡಿಕೊಂಡರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794-1868) ಹಲವು ಆಟಗಳನ್ನು ತಾವೇ ರಚಿಸಿದ್ದರು.

ಚೌಕಾಬಾರದಲ್ಲಿ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಪ್ರವೇಶವಿಲ್ಲ ಎಂಬ ಷರತ್ತು ಕೆಲವು ಮನೆಗಳಲ್ಲಿದೆ, ಕೆಲವೆಡೆ ಇಲ್ಲ. ಸೇರಿಸಿದರೆ, ಅಂಜಿ ಕಟ್ಟೆಯಲ್ಲೇ ಕೂರುವವರು ಎದ್ದು ಬರಲೇಬೇಕು. ತೆಗೆದರೆ ಆಟ ಬೇಗ ಮುಗಿಯುತ್ತದೆ. ರೊಟ್ಟಿ ಬಡಿಯುವುದು ಬಾಕಿಯಿದ್ದವರಿಗೆ ಇದೇ ಅನುಕೂಲ!

ದಾಳ, ಕವಡೆ ಬೇಡವೆನ್ನುವ ಮನೆಗಳಿಗೆ ಅಳಗುಳಿಮನೆ ಇದೆ. ಹದಿನಾಲ್ಕು ಗುಳಿ, ಒಂದಿಷ್ಟು ಹುಣಸೆಬೀಜ ಸಾಕು. ಚಿಕ್ಕವರ ಗುಳಿಗೆ ಮೊದಲೇ ಎರಡು ಬೀಜ ಹೆಚ್ಚು ಹಾಕಿ. ಪಣ ಮಾತ್ರ ಬೇಡ, ಚಾಕಲೇಟಿನದೂ ಬೇಡ. ಹೊಸ ನಿಯಮವನ್ನು ಆಟಕ್ಕೆ ಮುಂಚೆಯೇ ಹೇಳಿ. ನಡುವೆ ಬದಲಿಸಿದರೆ ಗೆಲ್ಲುತ್ತಿರುವವನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.