ಅಟ್ಟದ ಮೇಲಿನ ಮೊದಲ ಪ್ಲೇಟು

ಹೊಸ ಗಾಯಕನೊಬ್ಬನ ಮೊದಲ ಆಲ್ಬಮ್ಮನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ನಮ್ಮ ರಸಿಕರು ಆಗಾಗ ಮರುಗುವುದುಂಟು. ಗಾಯಕ ಲಂಡನ್ನಿನವನಾದರೆ ಮರುಕ ಇನ್ನಷ್ಟು ಹೆಚ್ಚು. ಮರುಗಲಿ, ಬೇಡವೆನ್ನುವವನು ನಾನಲ್ಲ. ಆದರೆ ಇದೇ ಮಹಾಶಯರನ್ನು, ಬೀಳಗಿಯ ಅಮೀರಬಾಯಿಯವರ ಮೊದಲ ಗ್ರಾಮಾಫೋನ್ ಪ್ಲೇಟನ್ನು ಕೇಳಿದ್ದೀರಾ ಎಂದು ವಿಚಾರಿಸಿ ನೋಡಿ. ‘ಯಾವ ಅಮೀರಬಾಯಿ?’ ಎಂಬ ಮರುಪ್ರಶ್ನೆಯೇ ಉತ್ತರ.

ಅಮೀರಬಾಯಿ ಕರ್ನಾಟಕಿ! ಮುಂಬಯಿಗೆ ಹೋದ ಹೊಸತರಲ್ಲಿ ಎಚ್.ಎಮ್.ವಿ. ಕಂಪನಿಯವರು ಈ ಬೀಳಗಿಯ ಹುಡುಗಿಯ ಕಂಠಕ್ಕೆ ಮೆಚ್ಚಿ ಒಂದು ಕವ್ವಾಲಿ ಹಾಡಿಸಿದರು. ಜನ ಅದಕ್ಕೆ ಮರುಳಾದರು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಬಣ್ಣ ಹಚ್ಚಿದರು. 1943ರ ‘ಕಿಸ್ಮತ್’ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅವರನ್ನು ಬಲ್ಲ ನಾಲ್ಕು ಜನ ಇಂದು ನೆನೆಯುವುದೂ ಅದನ್ನೇ. ಮೊದಲ ಪ್ಲೇಟಿಗೆ ಅಂದು ಕೇಳುಗರಿಲ್ಲದೆ ಇರಲಿಲ್ಲ. ಮರೆವು ನಮ್ಮದು.

ಇನ್ನೊಂದು ಮಾತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. 1965ರಲ್ಲಿಯೇ ತೀರಿಕೊಂಡ ಈ ಹೆಣ್ಣುಮಗಳು ಆ ಹೆಸರನ್ನು ತಮ್ಮ ಅಡ್ಡಹೆಸರು ಮಾಡಿಕೊಂಡು ಮುಂಬಯಿಯಲ್ಲಿ ಮೆರೆದರು. ರಾಜ್ಯೋತ್ಸವದ ಭಾಷಣಕಾರರಿಗೆ ಇದೇಕೋ ಹೊಳೆಯುವುದೇ ಇಲ್ಲ.

ವಿಮರ್ಶಕರ ತಕರಾರು ಗೊತ್ತಿದ್ದದ್ದೇ: ಅದು ಕವ್ವಾಲಿ, ಕನ್ನಡವಲ್ಲ, ಪೇಟೆಯ ಸರಕು, ಕಲೆಯಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ಚೀಜುಗಳು ಕನ್ನಡದವೇನು? ಅವರು ನಮ್ಮವರೆನ್ನಲು ನಾವು ಎದೆಯುಬ್ಬಿಸುತ್ತೇವೆ, ಅದು ಯೋಗ್ಯವೂ ಹೌದು. ಖಯಾಲು ಹಾಡಿದರೆ ನಾಡಿನ ಕೀರ್ತಿ, ಕವ್ವಾಲಿ ಹಾಡಿದರೆ ಪೇಟೆಯ ಸರಕು! ಇದು ಯಾವ ರಸಶಾಸ್ತ್ರ?

ಅದೇ ಬೀಳಗಿ ಸೀಮೆಯಲ್ಲಿ, ಕೃಷ್ಣೆಯ ದಂಡೆಗೆ, ಗಲಗಲಿಯಿದೆ. ಹರಿದಾಸ ಪರಂಪರೆಯ ಗಲಗಲಿ ಅವ್ವನ ಊರು. ಅವ್ವನ ಹಾಡುಗಳನ್ನು ಮೊದಲು ಉಳಿಸಿದವರು ಪಂಡಿತರಲ್ಲ, ಬಾಯಿಂದ ಬಾಯಿಗೆ ದಾಟಿಸಿ ಹಾಡಿನ ವಹಿಗಳಲ್ಲಿ ಬರೆದಿಟ್ಟ ಹೆಣ್ಣುಮಕ್ಕಳು. ಅರಗಿನ ಪ್ಲೇಟಿಗೆ ಆ ಭಾಗ್ಯವಿಲ್ಲ. ನಿಮಿಷಕ್ಕೆ 78 ಸುತ್ತು, ಬದಿಗೊಂದು ಮೂರು ನಿಮಿಷದ ಹಾಡು. ಉಕ್ಕಿನ ಮುಳ್ಳು ಓಡಿದಷ್ಟೂ ಗೆರೆ ಸವೆಯುತ್ತದೆ, ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಬಾಳನ್ನು ಪುಸ್ತಕವಾಗಿ ಬರೆದು ನಮ್ಮೆಲ್ಲರ ಮಾನ ಕಾಯ್ದರು. ಆದರೆ ಪುಸ್ತಕದಿಂದ ಕಂಠ ಕೇಳಿಸದಷ್ಟೆ.

ಜಮಖಂಡಿ, ಮುಧೋಳ, ಬನಹಟ್ಟಿಗಳಲ್ಲಿ ಹಳೆಯ ಮನೆ ಕೆಡವುವವರು ಅಟ್ಟದ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮೊದಲು ಮುಚ್ಚಳ ತೆಗೆದು ನೋಡಲಿ. ನಾಯಿಯ ಚಿತ್ರದ ಚೀಟಿ ಹರಿದಿದ್ದರೂ ಚಿಂತೆಯಿಲ್ಲ. ಚೀಟಿಯ ಸುತ್ತ ಅರಗಿನಲ್ಲೇ ಒತ್ತಿದ ಸಣ್ಣ ಅಂಕಿಗಳಿಂದ ಯಾರ ಹಾಡೆಂದು ಪತ್ತೆಹಚ್ಚಬಹುದು. ತಾಳೆಗರಿಗಾಗಿ ಊರೂರಿಗೆ ಜನ ಕಳಿಸಿದ ನಮ್ಮ ವಿಶ್ವವಿದ್ಯಾಲಯಗಳು ಈ ಪ್ಲೇಟುಗಳಿಗಾಗಿಯೂ ಇಬ್ಬರನ್ನು ಕಳಿಸಲಿ. ಬೀಳಗಿಯಿಂದಲೇ ಸುರುಮಾಡಲಿ.