ಕ್ಯಾಟ್ ಪರೀಕ್ಷೆಯೂ ನಮ್ಮ ಕನ್ನಡ ಶಾಲೆಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಹಳೆಯ ದಿನಗಳ ನೆನಪುಗಳನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ 1975ರ ಮುಳಿಹುಲ್ಲಿನ ಮಾಡು, ಮಳೆಗಾಲದಲ್ಲಿ ಸೋರುತ್ತಿದ್ದ ತರಗತಿಗಳು, ಊರವರು ತಲೆಹೊರೆಯಲ್ಲಿ ತಂದ ಮುರಕಲ್ಲುಗಳು, ಇವನ್ನು ನನಗಿಂತ ಸೊಗಸಾಗಿ ಬರೆಯುವವರು ಈ ಸಂಚಿಕೆಯಲ್ಲಿ ಹಲವರಿದ್ದಾರೆ. ನಾನು ಬೇರೊಂದು ವಿಷಯವನ್ನು ವಾಚಕರ ಮುಂದಿಡಬಯಸುತ್ತೇನೆ. ಅದು ಒಂದು ಪರೀಕ್ಷೆಯ ಕುರಿತಾದುದು. ಆ ಪರೀಕ್ಷೆಯು ನಮ್ಮ ಏಳನೆಯ ತರಗತಿಯಿಂದ ಬಹುದೂರದಲ್ಲಿದೆಯೆಂದು ತೋರಬಹುದು. ಆದರೆ ಅದರ ಬೇರು ನಮ್ಮ ತರಗತಿಯ ಕೋಣೆಯಲ್ಲಿಯೇ ಇದೆಯೆಂಬುದನ್ನು ನಾನು ತಡವಾಗಿ ತಿಳಿದೆನು.

2023ರ ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ನನ್ನ ಹಳೆಯ ಶಿಷ್ಯರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಅಡಿಕೆ ಕೃಷಿಕರು. ಮಗಳೂ ನಮ್ಮ ಶಾಲೆಯಲ್ಲಿಯೇ ಏಳರವರೆಗೆ ಕಲಿತು, ಸಮೀಪದ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮಂಗಳೂರಿನಲ್ಲಿ ಬಿ.ಕಾಂ. ಪದವಿಯನ್ನು ಪಡೆದವಳು. ವ್ಯವಹಾರಾಡಳಿತದ ಉನ್ನತ ಶಿಕ್ಷಣಕ್ಕೆ ಹೋಗಬೇಕೆಂಬ ಆಸೆಯಿಂದ ಆ ನವೆಂಬರಿನಲ್ಲಿ ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಬರೆದಿದ್ದಳು. ಫಲಿತಾಂಶದಲ್ಲಿ 71 ಪರ್ಸೆಂಟೈಲ್ ಬಂದಿತ್ತು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ತಂದೆ ಹೇಳಿದರು: "ಮಾಷ್ಟ್ರೇ, ತಪ್ಪು ತಿಳಿಯಬೇಡಿ. ಇವಳನ್ನು ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತೋ ಏನೋ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ."

ಮೂರು ದಶಕಗಳ ಕಾಲ ಈ ಶಾಲೆಯಲ್ಲಿ ಪಾಠ ಹೇಳಿದ ನನಗೆ ಆ ಮಾತು ಎಲ್ಲಿ ನಾಟಿತೆಂಬುದನ್ನು ಬರೆಯಬೇಕಾಗಿಲ್ಲ. ನಾನೂ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದವನೇ. ಆದರೆ ದೂರಿಗೆ ಸಿಟ್ಟಿನಿಂದ ಉತ್ತರ ಕೊಡುವುದು ಅಧ್ಯಾಪಕನ ಧರ್ಮವಲ್ಲ. ಉತ್ತರಪತ್ರಿಕೆಯನ್ನು ನೋಡದೆ ಅಂಕದ ವಿಚಾರ ಮಾತಾಡಬಾರದೆಂಬುದು ನಾನು ಪಾಲಿಸಿಕೊಂಡು ಬಂದ ನಿಯಮ. "ಉತ್ತರಪತ್ರಿಕೆ ಸಿಗುತ್ತದೆಯೇ ಮಗಳೇ?" ಎಂದು ಕೇಳಿದೆ. ಸಿಗುತ್ತದೆಯೆಂದಳು. ಪರೀಕ್ಷೆ ನಡೆಸುವವರೇ ಪ್ರತಿಯೊಬ್ಬ ಅಭ್ಯರ್ಥಿಗೂ ಅವರು ಕೊಟ್ಟ ಉತ್ತರಗಳನ್ನೂ ಸರಿಯುತ್ತರಗಳನ್ನೂ ಒದಗಿಸುತ್ತಾರೆ. ಅವಳು ಅದನ್ನು ತೆರೆದು ಅಂಕವನ್ನು ಕೂಡಿಸಿ ನೋಡಿ ಮುಚ್ಚಿಟ್ಟಿದ್ದಳು. ಮರುದಿನ ಅದನ್ನು ಮುದ್ರಿಸಿ ತರಲು ಹೇಳಿದೆ.

ವಾಚಕರಲ್ಲಿ ಅನೇಕರಿಗೆ ಈ ಪರೀಕ್ಷೆಯ ಪರಿಚಯವಿರಲಾರದಾದ್ದರಿಂದ ಎರಡು ಮಾತು. ಕ್ಯಾಟ್ ಎಂಬುದು ಭಾರತೀಯ ನಿರ್ವಹಣಾ ಸಂಸ್ಥೆಗಳು, ಎಂದರೆ ಐ.ಐ.ಎಂ.ಗಳು, ವರ್ಷಕ್ಕೊಮ್ಮೆ ನಡೆಸುವ ಪರೀಕ್ಷೆ. ಬೆಂಗಳೂರಿನ ಐ.ಐ.ಎಂ. ಸ್ಥಾಪನೆಯಾದುದು 1973ರಲ್ಲಿ, ನಮ್ಮ ಶಾಲೆಗಿಂತ ಎರಡೇ ವರ್ಷ ಹಿರಿದು. ಕೋಝಿಕ್ಕೋಡಿನದು 1996ರದು, ಕಾಸರಗೋಡಿನಿಂದ ರೈಲಿನಲ್ಲಿ ಕೆಲವೇ ಗಂಟೆಗಳ ದಾರಿ. ಪರೀಕ್ಷೆಯ ಅವಧಿ ಎರಡು ಗಂಟೆ. ಇಂಗ್ಲಿಷ್ ಗದ್ಯಭಾಗಗಳ ಗ್ರಹಿಕೆ, ಮಾಹಿತಿಯ ವಿಶ್ಲೇಷಣೆ ಹಾಗೂ ತರ್ಕ, ಗಣಿತ ಎಂಬ ಮೂರು ಭಾಗಗಳು. ಒಂದೊಂದಕ್ಕೂ 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಅಂಕ ಕಡಿತ. ಉತ್ತರವನ್ನು ತಾವೇ ತುಂಬಬೇಕಾದ ಪ್ರಶ್ನೆಗಳಿಗೆ ಈ ಕಡಿತವಿಲ್ಲ.

ಇನ್ನು ಪರ್ಸೆಂಟೈಲ್ ಎಂಬುದು ನಮ್ಮ ಶೇಕಡಾ ಅಂಕವಲ್ಲ. ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿ ನಮ್ಮ ಹಿಂದಿದ್ದಾರೆಂಬ ಲೆಕ್ಕ. 2023ರಲ್ಲಿ ಈ ಪರೀಕ್ಷೆಯನ್ನು ಸುಮಾರು 2,88,000 ಮಂದಿ ಬರೆದರು. 71 ಎಂದರೆ ಎರಡು ಲಕ್ಷಕ್ಕೂ ಮಿಕ್ಕಿದ ಮಂದಿ ಅವಳ ಹಿಂದೆ, 83 ಸಾವಿರದಷ್ಟು ಮಂದಿ ಅವಳ ಮುಂದೆ. ಇದನ್ನು ವಿವರಿಸಿದಾಗ ತಂದೆಯ ಮುಖ ಸ್ವಲ್ಪ ತಿಳಿಯಾಯಿತು. ಆದರೂ ಹೆಸರಾಂತ ಸಂಸ್ಥೆಗಳ ಬಾಗಿಲು ತೆರೆಯಲು ತೊಂಬತ್ತನ್ನು ಮೀರಿ ಬಹಳ ಮೇಲೇರಬೇಕು. ಜೊತೆಗೆ ಪ್ರತಿ ಭಾಗದಲ್ಲಿಯೂ ನಿಗದಿಪಡಿಸಿದ ಕನಿಷ್ಠ ಮಟ್ಟವನ್ನು ಮುಟ್ಟಬೇಕು. ನಿರಾಶೆಗೆ ಕಾರಣವಿತ್ತು.

ಗಣಿತ ಭಾಗದಲ್ಲಿ ಅವಳು ತೃಪ್ತಿಕರವಾಗಿಯೇ ಮಾಡಿದ್ದಳು. ಅಲ್ಲಿ ಕೇಳುವುದು ಬಹುಮಟ್ಟಿಗೆ ಶೇಕಡಾ, ಅನುಪಾತ, ಕಾಲ ಮತ್ತು ಕೆಲಸ, ಬೀಜಗಣಿತ, ರೇಖಾಗಣಿತ. ಶೇಕಡಾವನ್ನೂ ಅನುಪಾತವನ್ನೂ ಅವಳು ಮೊದಲು ಕಲಿತುದು ಇದೇ ಶಾಲೆಯ ಕರಿಹಲಗೆಯ ಮುಂದೆ, ಕನ್ನಡದಲ್ಲಿ. ಸೋತದ್ದು ಇಂಗ್ಲಿಷ್ ಗ್ರಹಿಕೆಯ ಭಾಗದಲ್ಲಿ. 24 ಪ್ರಶ್ನೆಗಳಲ್ಲಿ 22ಕ್ಕೆ ಉತ್ತರಿಸಿದ್ದಳು. ಸರಿಯಾದುದು 9, ತಪ್ಪಿದುದು 13. ತಪ್ಪಿದವುಗಳಲ್ಲಿ ಕಡಿತವಿರುವವು 10. ಗಳಿಸಿದ 27 ಅಂಕದಲ್ಲಿ 10 ಕಳೆದು ಉಳಿದುದು 17.

"ನೋಡಿ ಮಾಷ್ಟ್ರೇ, ಇಂಗ್ಲಿಷಿನಲ್ಲಿಯೇ ಪೆಟ್ಟು ಬಿದ್ದದ್ದು" ಎಂದರು ತಂದೆ. ನಾನು ಆ ಹದಿಮೂರು ತಪ್ಪುಗಳನ್ನು ಒಂದೊಂದಾಗಿ ತೆಗೆದು, "ಇದು ಏಕೆ ತಪ್ಪಿತು?" ಎಂದು ಹುಡುಗಿಯಿಂದಲೇ ಬರೆಯಿಸಿದೆ. ಮೂರು ದಿನ ಬೇಕಾಯಿತು. ಪದಗಳು ತಿಳಿಯದೆ ತಪ್ಪಿದವು ಮೂರು. ಸಮಯ ಸಾಲದೆ ಕಣ್ಣುಮುಚ್ಚಿ ಗುರುತು ಹಾಕಿದವು ನಾಲ್ಕು. ಉಳಿದ ಆರರಲ್ಲಿ ಪದಗಳೂ ತಿಳಿದಿದ್ದವು, ಸಮಯವೂ ಇತ್ತು. ಅಲ್ಲಿ ಅವಳು ಆರಿಸಿದ ಉತ್ತರಗಳು ಲೋಕಸತ್ಯವೆಂದು ಒಪ್ಪಬಹುದಾದವು. ಆದರೆ ಆ ಗದ್ಯಭಾಗದಲ್ಲಿ ಲೇಖಕನು ಹಾಗೆ ಹೇಳಿರಲಿಲ್ಲ. ತನ್ನ ಅಭಿಪ್ರಾಯವನ್ನು ಲೇಖಕನ ಬಾಯಿಗೆ ತುಂಬಿದ್ದಳು.

ನನಗೊಂದು ಸಂಶಯ ಬಂದಿತು. ಆ ದಿನದ ಕನ್ನಡ ಪತ್ರಿಕೆಯ ಸಂಪಾದಕೀಯವನ್ನು ಕೈಗಿತ್ತು, "ಇದರಲ್ಲಿ ಲೇಖಕರು ಏನನ್ನು ಹೇಳಿದ್ದಾರೆ? ಏನನ್ನು ಹೇಳಿಲ್ಲ? ಮೂರು ವಾಕ್ಯಗಳಲ್ಲಿ ಹೇಳು" ಎಂದೆ. ಅವಳು ಸರಸರನೆ ಓದಿ ಹೇಳಿದಳು. ಅರ್ಧ ಸಂಪಾದಕೀಯದಲ್ಲಿದ್ದುದು, ಅರ್ಧ ಅವಳದೇ ಊಹೆ. ಮಾತೃಭಾಷೆಯಂತೆ ಬಳಸುವ ಕನ್ನಡದಲ್ಲಿಯೂ ಅದೇ ತಪ್ಪು!

ಆಗ ನನಗೆ ತಿಳಿದುದನ್ನೇ ಈ ಲೇಖನದಲ್ಲಿ ಹೇಳಬೇಕೆಂದಿರುವೆನು. ಹದಿಮೂರು ತಪ್ಪುಗಳಲ್ಲಿ ಮೂರನ್ನು, ನಿಧಾನವಾದ ಓದಿನಿಂದಾದ ನಾಲ್ಕನ್ನೂ ಸೇರಿಸಿದರೆ ಏಳನ್ನು, ಇಂಗ್ಲಿಷಿನ ಖಾತೆಗೆ ಬರೆಯಬಹುದು. ಉಳಿದ ಆರು ಭಾಷೆಯ ಕೊರತೆಯವಲ್ಲ, ಓದಿನ ಕೊರತೆಯವು. ಬರೆದಿರುವುದನ್ನು ಬರೆದಿರುವಂತೆಯೇ ಗ್ರಹಿಸುವ ಅಭ್ಯಾಸವು ಯಾವ ಭಾಷೆಯಲ್ಲಿಯಾದರೂ ಒಮ್ಮೆ ಬಂದರೆ ಇನ್ನೊಂದಕ್ಕೆ ದಾಟುತ್ತದೆ. ಒಂದರಲ್ಲಿಯೂ ಬಾರದಿದ್ದರೆ ಮಾಧ್ಯಮವನ್ನು ಬದಲಿಸಿ ಪ್ರಯೋಜನವಿಲ್ಲ. ಆದುದರಿಂದ ತಂದೆಯ ದೂರಿನಲ್ಲಿ ಅರ್ಧ ಸತ್ಯವಿತ್ತು. ತಪ್ಪು ಕನ್ನಡದ್ದಲ್ಲ, ಆದರೆ ಕನ್ನಡ ಶಾಲೆಯ ಅಧ್ಯಾಪಕರಾದ ನಮ್ಮದೂ ಹೌದು. ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಪ್ರಶ್ನೋತ್ತರಗಳನ್ನು ಕರಿಹಲಗೆಯಲ್ಲಿ ಬರೆದು, ಬಾಯಿಪಾಠ ಮಾಡಿಸಿದವರಲ್ಲಿ ನಾನೂ ಒಬ್ಬನು. ಕನ್ನಡ ಪಾಠದಲ್ಲಿಯೂ "ಸಾರಾಂಶ ಬರೆಯಿರಿ" ಎಂದು ಹೇಳಿ, ಸಾರಾಂಶವನ್ನು ನಾನೇ ಬರೆಯಿಸಿದ್ದುಂಟು. ಹೆಚ್ಚು ಮಂದಿ ತೇರ್ಗಡೆಯಾಗಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ತೇರ್ಗಡೆಯಾದರು; ಓದಲು ಕಲಿಯಲಿಲ್ಲ.

ಅವಳು ಮತ್ತೊಮ್ಮೆ ಬರೆಯಲು ನಿಶ್ಚಯಿಸಿದಳು. ಕ್ಯಾಟ್ ಪರೀಕ್ಷೆಯನ್ನು ಮತ್ತೆ ಬರೆಯಬೇಕಾದರೆ ಒಂದು ವರ್ಷ ಕಾಯಬೇಕು. ವಿದೇಶದ ವಿದ್ಯಾಲಯಗಳಿಗೆ ಬೇಕಾಗುವ ಜಿಮ್ಯಾಟ್ ಪರೀಕ್ಷೆಯನ್ನಾದರೆ 16 ದಿನಗಳ ಬಳಿಕ ಮತ್ತೆ ಬರೆಯಬಹುದಂತೆ, ಹನ್ನೆರಡು ತಿಂಗಳಲ್ಲಿ ಐದು ಬಾರಿಯವರೆಗೆ. ಆದರೆ ಮತ್ತೆ ಬರೆಯುವುದೇ ಬೇರೆ, ಸುಧಾರಿಸುವುದೇ ಬೇರೆ. ತಿದ್ದದೆ ಐದು ಬಾರಿ ಬರೆದವನು ಒಂದೇ ತಪ್ಪನ್ನು ಐದು ಬಾರಿ ಮಾಡುತ್ತಾನೆ. ಮೊದಲ ವರ್ಷ ಅವಳು ಅಡಿಕೆ ಮಾರಿದ ಹಣವನ್ನು ಒಂದು ತರಬೇತಿ ಕೇಂದ್ರಕ್ಕೆ ಕಟ್ಟಿ, ಮೂವತ್ತು ಅಣಕು ಪರೀಕ್ಷೆಗಳನ್ನು ಬರೆದಿದ್ದಳು. ಪ್ರತಿ ಬಾರಿ ಅಂಕವನ್ನು ನೋಡಿ ದುಃಖಪಟ್ಟು ಮುಂದಿನದಕ್ಕೆ ಕುಳಿತಿದ್ದಳು. ತಪ್ಪಿಗೆ ಕಾರಣ ಹುಡುಕಿದ್ದು ಒಮ್ಮೆಯೂ ಇಲ್ಲ.

ಈ ಬಾರಿ ನಾವು ಹಳೆಯ ಮಾರ್ಗವನ್ನೇ ಹಿಡಿದೆವು. ಜನವರಿಯಿಂದ ಮಾರ್ಚ್‌ವರೆಗೆ ಅಣಕು ಪರೀಕ್ಷೆಯೇ ಇಲ್ಲ. ದಿನಕ್ಕೊಂದು ಇಂಗ್ಲಿಷ್ ಲೇಖನವನ್ನು ಓದುವುದು. ಅದರ ಸಾರವನ್ನು ಮೂರು ವಾಕ್ಯಗಳಲ್ಲಿ ಮೊದಲು ಕನ್ನಡದಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬರೆಯುವುದು. ಲೇಖಕನು ಹೇಳದ ಒಂದು ಪದ ನುಸುಳಿದರೂ ಕೆಂಪು ಗೆರೆ. ನಂತರ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು. ಆಗಸ್ಟಿನಿಂದ ಮಾತ್ರ ಅಣಕು ಪರೀಕ್ಷೆ, ಒಟ್ಟು ಹತ್ತು. ಒಂದು ಬರೆದರೆ ಎರಡು ದಿನ ಅದರ ತಪ್ಪುಗಳ ವಿಚಾರ. ತಪ್ಪುಗಳಿಗಾಗಿ ಒಂದು ನೋಟು ಪುಸ್ತಕವಿಟ್ಟು, ತಿಳಿಯದೆ ತಪ್ಪಿದುದು, ಅವಸರದಿಂದ ತಪ್ಪಿದುದು, ಊಹಿಸಿ ತಪ್ಪಿದುದು ಎಂದು ಮೂರು ಅಂಕಣ ಮಾಡಿಸಿದೆ. ನವೆಂಬರಿನ ಹೊತ್ತಿಗೆ ಮೂರನೆಯ ಅಂಕಣ ಬಹುತೇಕ ಬರಿದಾಗಿತ್ತು.

ಊಹೆಯ ವಿಚಾರದಲ್ಲಿ ಒಂದು ಸಣ್ಣ ಲೆಕ್ಕವನ್ನೂ ಕಲಿಸಿದೆ. ನಾಲ್ಕು ಆಯ್ಕೆಗಳಿರುವ ನಾಲ್ಕು ಪ್ರಶ್ನೆಗಳಿಗೆ ಕುರುಡಾಗಿ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬರುವುದು 3, ಹೋಗುವುದು 3. ಫಲ ಸೊನ್ನೆ, ಸಮಯವೂ ನಷ್ಟ. ತಪ್ಪೆಂದು ಖಚಿತವಾದ ಒಂದು ಆಯ್ಕೆಯನ್ನಾದರೂ ಕಾರಣಸಹಿತ ತಳ್ಳಿಹಾಕಿದರೆ ಮಾತ್ರ ಊಹೆಯಲ್ಲಿ ಲಾಭ. ಕಡಿತವಿಲ್ಲದ ಪ್ರಶ್ನೆಗಳನ್ನಾದರೋ ಖಾಲಿ ಬಿಡಬಾರದು.

2024ರ ನವೆಂಬರ್ 24ರಂದು ಅವಳು ಎರಡನೆಯ ಬಾರಿ ಬರೆದಳು. ಇಂಗ್ಲಿಷ್ ಭಾಗದಲ್ಲಿ ಉತ್ತರಿಸಿದುದು 15, ಸರಿಯಾದುದು 11, ತಪ್ಪಿದುದು 4. ಆ ನಾಲ್ಕಕ್ಕೂ ಕಡಿತವಿತ್ತು. 33ರಲ್ಲಿ 4 ಕಳೆದು 29. ಹಿಂದಿನ ವರ್ಷಕ್ಕಿಂತ ಏಳು ಪ್ರಶ್ನೆ ಕಡಿಮೆ ಮಾಡಿ ಹನ್ನೆರಡು ಅಂಕ ಹೆಚ್ಚು ಗಳಿಸಿದಳು. ಒಟ್ಟಿನಲ್ಲಿ 89 ಪರ್ಸೆಂಟೈಲ್ ಬಂದಿತು. ಪವಾಡವೇನೂ ಜರುಗಲಿಲ್ಲ. ಐ.ಐ.ಎಂ.ನ ಕರೆ ಬರಲಿಲ್ಲ. ಈಗ ಒಂದು ವಿಶ್ವವಿದ್ಯಾನಿಲಯದ ವಿಭಾಗದಲ್ಲಿ ಎಂ.ಬಿ.ಎ. ಓದುತ್ತಿದ್ದಾಳೆ. ತನ್ನ ಬುದ್ಧಿಯ ಮೇಲೆ ಅವಳಿಗಿದ್ದ ಅಪನಂಬಿಕೆ ಹೋಯಿತು, ನನಗದು ಸಾಕು.

ಆದರೆ ಅವಳ ಚಿಕ್ಕಪ್ಪನ ಮಗು ಈ ವರ್ಷ ಒಂದನೆಯ ತರಗತಿಗೆ ಸೇರಿದುದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ತಂದೆಯವರು ಸಂಕೋಚದಿಂದಲೇ ಈ ವಿಷಯವನ್ನು ತಿಳಿಸಿದರು. ನಾನು ಏನೂ ಹೇಳಲಿಲ್ಲ. ಭಾಷಣದಿಂದ ಮಕ್ಕಳು ನಮ್ಮ ಶಾಲೆಗೆ ಬರುವುದಿಲ್ಲ. ಗಡಿಯ ಈ ನೆಲದಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ, ಇಲ್ಲಿ ಓದಿದವರು ಚೆನ್ನಾಗಿ ಓದಬಲ್ಲರು ಎಂಬ ಮಾತು ಊರಲ್ಲಿ ಹುಟ್ಟಬೇಕು.

ಅದಕ್ಕಾಗಿ ಮೂರು ಸಲಹೆಗಳನ್ನು ಆಡಳಿತ ಮಂಡಳಿಯವರ, ಅಧ್ಯಾಪಕ ಬಂಧುಗಳ ಹಾಗೂ ಹಳೆ ವಿದ್ಯಾರ್ಥಿಗಳ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ. ಒಂದು, ನಾಲ್ಕನೆಯ ತರಗತಿಯಿಂದ ಮೇಲೆ ವಾರಕ್ಕೊಂದು ಅವಧಿಯನ್ನು ಪಠ್ಯವಲ್ಲದ ಕನ್ನಡ ಬರಹವನ್ನು ಮೌನವಾಗಿ ಓದಿ ಸಾರವನ್ನು ಹೇಳುವುದಕ್ಕೆ ಮೀಸಲಿಡಬೇಕು. ಎರಡು, ಇಂಗ್ಲಿಷಿನಲ್ಲಿ ಮೊದಲು ಓದಿರದ ಒಂದು ಸಣ್ಣ ಗದ್ಯಭಾಗವನ್ನು ವಾರಕ್ಕೊಮ್ಮೆ ಕೊಟ್ಟು ಮಕ್ಕಳಿಂದಲೇ ಅರ್ಥ ಹೇಳಿಸಬೇಕು. ಮೂರು, ಉತ್ತರಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಅಂಕಗಳನ್ನು ಕೂಗಿ ಹೇಳುವ ಬದಲು, ಮಗುವು ತನ್ನ ತಪ್ಪಿಗೆ ಕಾರಣವನ್ನು ತಾನೇ ಬರೆಯುವಂತೆ ಮಾಡಬೇಕು. ಇವುಗಳಿಗೆ ಹೊಸ ಕಟ್ಟಡವೂ ಬೇಡ, ದೊಡ್ಡ ಹಣವೂ ಬೇಡ.

ಮೂರನೆಯದನ್ನು ನಾನು ಸೇವೆಯಲ್ಲಿದ್ದಾಗಲೇ ಮಾಡಬಹುದಾಗಿತ್ತು. ಮಾಡಲಿಲ್ಲ. ಈಗಿನ ಅಧ್ಯಾಪಕರು ಮಾಡಲಿ. ವಾರಕ್ಕೊಂದು ಅವಧಿ ನನಗೆ ಕೊಟ್ಟರೆ, ಮೊಣಕಾಲು ನೋವಿದ್ದರೂ ನಾನೂ ಬಂದು ಮಕ್ಕಳ ಜೊತೆ ಕುಳಿತು ಓದುವೆನು.