ಒಬ್ಬರ ಟಿಕೆಟ್ಟಿಗೆ ಇಬ್ಬರ ಹಣ

ಒಬ್ಬರೇ ಪ್ರಯಾಣ ಹೊರಟವರು ಇಬ್ಬರ ಹಣ ತೆರಬೇಕೆನ್ನುವುದು ನ್ಯಾಯವೇ? ರೈಲು, ಬಸ್ಸಿನ ವಿಷಯದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಹೈದರಾಬಾದಿನ ಕಾಚಿಗುಡದಲ್ಲಿ ಬೆಂಗಳೂರಿನ ರೈಲು ಹತ್ತುವವರಿಗೆ ಒಂದು ಬರ್ತು, ಒಂದು ಟಿಕೆಟ್ಟು. ಪಕ್ಕದ ಬರ್ತು ಖಾಲಿ ಹೋದರೆ ಅದರ ದುಡ್ಡನ್ನು ನಮ್ಮಿಂದ ಯಾರೂ ಕೇಳುವುದಿಲ್ಲ. ಅದೇ ನೀವು ಮುಂಬಯಿಗೋ ಚೆನ್ನೈಗೋ ಹೋಗಿ ವಿಹಾರದ ಹಡಗು ಹತ್ತುತ್ತೇನೆಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಮಾರಾಟಕ್ಕಿರುವುದು ಹಾಸಿಗೆಯಲ್ಲ, ಕ್ಯಾಬಿನ್ನು. ಕ್ಯಾಬಿನ್ನಿನ ಬೆಲೆಯನ್ನು ಇಬ್ಬರಿಗೆ ಭಾಗ ಮಾಡಿ, ಅರ್ಧ ಭಾಗವನ್ನು ಮಾತ್ರ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಇನ್ನರ್ಧವನ್ನು ಯಾರು ಕೊಡಬೇಕು ಎಂಬುದು ಕೌಂಟರಿನ ಮುಂದೆ ಕೂತಾಗ ಗೊತ್ತಾಗುತ್ತದೆ.

ಹೈದರಾಬಾದಿಗೆ ಕಡಲಿಲ್ಲ. ಆದರೂ ಹಡಗಿನ ಯಾತ್ರೆ ಇಲ್ಲಿನ ಮಧ್ಯಮ ವರ್ಗದ ಮಾತುಕತೆಯೊಳಗೆ ಬಂದು ಕೆಲವು ವರ್ಷಗಳಾದವು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿ ‘ಎಂಪ್ರೆಸ್’ ಹಡಗನ್ನು ಮುಂಬಯಿಯಿಂದ ಓಡಿಸತೊಡಗಿತು. ರೈಲ್ವೆಯ ಐಆರ್‌ಸಿಟಿಸಿ ಅದರ ಟಿಕೆಟ್ಟು ಮಾರಿತು. ಮರುವರ್ಷ ಚೆನ್ನೈ, ವಿಶಾಖಪಟ್ಟಣಗಳ ದಾರಿಯೂ ತೆರೆಯಿತು. 2023ರಲ್ಲಿ ವಿಶಾಖಪಟ್ಟಣದಲ್ಲಿ ಹೊಸ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ಒಂದು ರಾತ್ರಿ. ಹೀಗೆ ಬಂದರು ಹತ್ತಿರವಾಯಿತು, ಬೆಲೆಯೂ ವಿಮಾನದಲ್ಲಿ ವಿದೇಶಕ್ಕೆ ಹೋಗುವುದಕ್ಕಿಂತ ಕೈಗೆಟುಕುವಂತೆ ಕಂಡಿತು. ಹಾಗೆ ಕಂಡದ್ದು ಜೋಡಿಗಳಿಗೆ, ಮಕ್ಕಳೊಂದಿಗರಿಗೆ.

ಒಂಟಿಯಾಗಿ ಹೊರಡುವವರು ಎಷ್ಟು ಮಂದಿ ಇದ್ದಾರು ಎಂದು ಕೇಳುವವರುಂಟು. 2011ರ ಜನಗಣತಿಯ ಪ್ರಕಾರ ವಿಧವೆಯರು, ವಿಚ್ಛೇದಿತರು, ಗಂಡನಿಂದ ಬೇರೆಯಾದವರು, ಮದುವೆಯಾಗದವರು ಸೇರಿ ಈ ದೇಶದಲ್ಲಿ ಒಂಟಿ ಮಹಿಳೆಯರ ಸಂಖ್ಯೆ 7 ಕೋಟಿಗೂ ಹೆಚ್ಚು. ಅದಕ್ಕೆ ಹತ್ತು ವರ್ಷ ಮೊದಲು ಅದು ಸುಮಾರು 5 ಕೋಟಿ ಇತ್ತು. ಗಂಡಸರ ಲೆಕ್ಕ ಬೇರೆ. ಹೈದರಾಬಾದಿನಲ್ಲಿ ಇವರನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಗಚ್ಚಿಬೌಲಿ, ಮಾದಾಪುರದ ಹಾಸ್ಟೆಲುಗಳಲ್ಲಿ ಇಪ್ಪತ್ತೈದು ಮೂವತ್ತರ ಪ್ರಾಯದ ಸಾವಿರಾರು ಜನ ಒಬ್ಬೊಬ್ಬರೇ ಇದ್ದಾರೆ. ಇನ್ನೊಂದು ಕಡೆ ಹಳೆಯ ಬಡಾವಣೆಗಳಲ್ಲಿ, ಮಕ್ಕಳು ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೋಗಿ, ಜೊತೆಗಿದ್ದವರು ತೀರಿಕೊಂಡು, ಮೂರು ಕೋಣೆಯ ಮನೆಯಲ್ಲಿ ಉಳಿದ ಹಿರಿಯರಿದ್ದಾರೆ. ಬೀದರ, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಓದಲಿಕ್ಕೆ, ನೌಕರಿಗೆ ಬಂದು ಇಲ್ಲೇ ನೆಲೆಯೂರಿದ ಕನ್ನಡದ ಮನೆತನಗಳಲ್ಲೂ ಇಂಥವರು ಸಾಕಷ್ಟಿದ್ದಾರೆ. ಪಿಂಚಣಿ ಬರುತ್ತದೆ, ಆರೋಗ್ಯ ನಡೆಯುತ್ತದೆ, ನೋಡಬೇಕೆಂಬ ಆಸೆ ಇದೆ. ಜೊತೆ ಇಲ್ಲ, ಅಷ್ಟೆ.

ಅಂಥ ಒಬ್ಬ ನಿವೃತ್ತ ಶಿಕ್ಷಕಿಯ ಜೊತೆ ನಾನೂ ಒಮ್ಮೆ ಕಾಚಿಗುಡದ ಟ್ರಾವೆಲ್ಸ್ ಅಂಗಡಿಗೆ ಹೋಗಿದ್ದೆ. ಬೀದರ ಕಡೆಯವರು, ನಾವೆಲ್ಲ ಅಕ್ಕೋರು ಎನ್ನುತ್ತೇವೆ. ಅಂಗಡಿಯ ಹುಡುಗ ದರದ ಹಾಳೆಯನ್ನು ಅವರ ಮುಂದೆ ತಿರುಗಿಸಿಟ್ಟ. ಮೇಲೆ ದಪ್ಪಗೆ ತಲೆಗೆ ಇಷ್ಟು ಎಂಬ ಅಂಕಿ, ಅದರ ತಲೆಯ ಮೇಲೊಂದು ನಕ್ಷತ್ರ. ಹಾಳೆಯ ಕೆಳಗೆ, ಕನ್ನಡಕ ಏರಿಸಿ ನೋಡಬೇಕಾದಷ್ಟು ಸಣ್ಣಕ್ಷರದಲ್ಲಿ, ಇಬ್ಬರು ಹಂಚಿಕೊಂಡರೆ ಈ ದರ ಎಂಬ ಒಂದು ಸಾಲು. “ಸಿಂಗಲ್ ಆದರೆ ಪೂರ್ತಿ ಕ್ಯಾಬಿನ್ ರೇಟ್ ಅಮ್ಮಾ,” ಎಂದ. ಅಕ್ಕೋರು ಕೇಳಿದರು: “ನಾ ಒಬ್ಬಾಕಿನೇ ಹೊಂಟೀನಿ ತಮ್ಮಾ. ಊಟ ಒಬ್ಬಾಕೀದು, ಹಾಸಿಗಿ ಒಂದು. ಬರಲಾರದವರ ರೊಕ್ಕಾ ನಾ ಯಾಕ ಕೊಡ್ಲಿ?” ಹುಡುಗನಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಡಬೇಕಾದವನು ಅವನೂ ಅಲ್ಲ.

ಲೆಕ್ಕ ಹೀಗಿರುತ್ತದೆ. ತಲೆಗೆ 20,000 ರೂಪಾಯಿ ಎಂದು ಜಾಹೀರಾತು ಇದೆಯೆನ್ನಿ. ಒಬ್ಬರೇ ಹೋದರೆ ಅದು ಸಾಮಾನ್ಯವಾಗಿ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿನವರೆಗೆ ಏರುತ್ತದೆ, ಅಂದರೆ 30,000ದಿಂದ 40,000. ಇದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸು, ಜಿಎಸ್‌ಟಿ. ಬಂದರು ಶುಲ್ಕ ಮತ್ತು ಟಿಪ್ಸನ್ನು ಬಹುತೇಕ ತಲೆ ಎಣಿಸಿಯೇ ಹಾಕುತ್ತಾರೆ. ಜಿಎಸ್‌ಟಿ ಮಾತ್ರ ಬಿಲ್ಲಿನ ಮೊತ್ತದ ಮೇಲೆ ಬೀಳುವುದರಿಂದ, ಬಾರದವರ ಟಿಕೆಟ್ಟಿನ ಜೊತೆಗೆ ಅದರ ತೆರಿಗೆಯನ್ನೂ ಬಂದವರೇ ಕಟ್ಟಿದಂತಾಗುತ್ತದೆ. ಬಂದರಿನವರೆಗಿನ ರೈಲಿನ ಖರ್ಚು, ಹಡಗು ಹೊರಡುವ ಹಿಂದಿನ ರಾತ್ರಿಯ ಹೋಟೆಲು ಬೇರೆ. ಆ ಹೋಟೆಲಿನ ಕೋಣೆಯ ಬಾಡಿಗೆಯೂ ಇಬ್ಬರಿಗೆ ಇಟ್ಟದ್ದೇ.

ಹಡಗಿನವರ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಸುಮಾರು 800 ಕ್ಯಾಬಿನ್ನುಗಳಿವೆ. ಕಡಲ ನಡುವೆ 801ನೆಯ ಕ್ಯಾಬಿನ್ ಕಟ್ಟಲಾಗದು. ಎಣ್ಣೆ, ಸಿಬ್ಬಂದಿಯ ಸಂಬಳ, ಬಂದರಿನ ಬಾಡಿಗೆ ಇವೆಲ್ಲ ಕ್ಯಾಬಿನ್ನಿನಲ್ಲಿ ಒಬ್ಬರು ಮಲಗಿದರೂ ನಾಲ್ವರು ಮಲಗಿದರೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಮಾತನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ: ಹಡಗಿನ ಲಾಭ ಟಿಕೆಟ್ಟಿನಿಂದ ಮಾತ್ರ ಬರುವುದಿಲ್ಲ. ಬಾರು, ಕ್ಯಾಸಿನೊ, ಸ್ಪಾ, ಅಂಗಡಿ, ದಡದ ಸುತ್ತಾಟ ಇವುಗಳಿಂದ ಬರುತ್ತದೆ. ಇಬ್ಬರಿದ್ದರೆ ಎರಡು ಜೇಬು, ಒಬ್ಬರಿದ್ದರೆ ಒಂದು. ಆದ್ದರಿಂದ ಒಂಟಿ ಪ್ರಯಾಣಿಕರು ಅವರ ಪುಸ್ತಕದಲ್ಲಿ ನಷ್ಟದ ಬಾಬತ್ತು.

ಈ ವಾದವನ್ನು ಅರ್ಧ ಒಪ್ಪುತ್ತೇನೆ. ಜಾಗಕ್ಕೆ ಬೆಲೆ ಇದೆ. ಇಬ್ಬರ ಜಾಗ ಹಿಡಿದವರು ಸ್ವಲ್ಪ ಹೆಚ್ಚು ಕೊಡಲಿ. ಆದರೆ ಪೂರ್ತಿ ಎರಡು ಪಟ್ಟು ಯಾಕೆ? ಎರಡನೆಯವರು ತಿನ್ನದ ಊಟ, ಬಳಸದ ನೀರು, ಒಗೆಯದ ಟವೆಲು ಇವೆಲ್ಲ ಉಳಿತಾಯವೇ ತಾನೆ? ಉಡುಪಿ ಹೋಟೆಲಿನಲ್ಲಿ ನಾಲ್ಕು ಕುರ್ಚಿಯ ಮೇಜಿಗೆ ಒಬ್ಬರೇ ಕೂತರೆ ಒಂದು ಊಟದ ಬಿಲ್ಲು ಬರುತ್ತದೆ. ರಶ್ಶಾದಾಗ ಎದುರಿಗೆ ಇನ್ನೊಬ್ಬರನ್ನು ಕೂರಿಸುತ್ತಾರೆ, ಅದಕ್ಕೆ ಯಾರ ತಕರಾರೂ ಇಲ್ಲ. ಇನ್ನೊಂದು ಸಂಗತಿ: ಹಡಗು ಹೊರಟ ಮೇಲೆ ಖಾಲಿ ಕ್ಯಾಬಿನ್ನಿನಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಹೊರಡುವ ದಿನ ಹತ್ತಿರ ಬಂದು ಕ್ಯಾಬಿನ್ನುಗಳು ಉಳಿದಿದ್ದರೆ ಇದೇ ಕಂಪನಿಗಳು ಒಂಟಿಯವರ ಹೆಚ್ಚುವರಿ ದರವನ್ನು ಇಳಿಸುತ್ತವೆ, ಕೆಲವೊಮ್ಮೆ ಪೂರ್ತಿ ಬಿಡುತ್ತವೆ. ಅಂದಮೇಲೆ ಆ ದರ ಖರ್ಚಿನ ಲೆಕ್ಕದಿಂದ ಬಂದದ್ದಲ್ಲ, ಪ್ರವಾಸ ಎಂದರೆ ಜೋಡಿಯೇ ಎಂಬ ರೂಢಿಯಿಂದ ಬಂದದ್ದು.

ರೂಢಿಯನ್ನು ಮುರಿದವರೂ ಇದ್ದಾರೆ. 2010ರಲ್ಲಿ ಯಾನ ಆರಂಭಿಸಿದ ‘ನಾರ್ವೀಜಿಯನ್ ಎಪಿಕ್’ ಹಡಗಿನಲ್ಲಿ ಒಬ್ಬರಿಗೆಂದೇ 128 ಪುಟ್ಟ ಕ್ಯಾಬಿನ್ನುಗಳನ್ನು ಕಟ್ಟಿದರು. ಒಂದೊಂದೂ ಸುಮಾರು 100 ಚದರ ಅಡಿ, ಜೊತೆಗೆ ಆ ಪ್ರಯಾಣಿಕರೆಲ್ಲ ಸೇರಿ ಕೂರಲು ಒಂದು ಹಜಾರ. 2016ರಲ್ಲಿ ದುರಸ್ತಿಗೆ ಹೋದ ‘ಕ್ವೀನ್ ಮೇರಿ 2’ ಕೂಡ ಒಬ್ಬರ 15 ಕ್ಯಾಬಿನ್ನುಗಳನ್ನು ಸೇರಿಸಿಕೊಂಡು ಬಂತು. ಇವು ದಾನಧರ್ಮಕ್ಕೆ ಮಾಡಿದ ಕೆಲಸಗಳಲ್ಲ. ಒಂಟಿಯವರಲ್ಲೂ ಗಿರಾಕಿ ಇದ್ದಾರೆಂದು ಕಂಡುಕೊಂಡು ಮಾಡಿದ ವ್ಯಾಪಾರ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನಾಡಿನ ಹಡಗುಗಳು ಮೊದಲಿಂದಲೂ ತಲೆ ಎಣಿಸಿ ಟಿಕೆಟ್ಟು ಕೊಟ್ಟವು. ಮುಂಬಯಿಯಿಂದ ಕೊಂಕಣದ ಬಂದರುಗಳಿಗೆ ಹೋಗುತ್ತಿದ್ದ ಸ್ಟೀಮರುಗಳಲ್ಲಿ ಡೆಕ್ ಟಿಕೆಟ್ಟು ಕೊಂಡು ಚಾಪೆ ಹಾಸಿ ಮಲಗಿ ಊರು ಸೇರಿದವರು ಎಷ್ಟೋ ಜನ. 1995ರವರೆಗೆ ಹಜ್ ಯಾತ್ರಿಕರು ಮುಂಬಯಿಯಿಂದ ಹಡಗಿನಲ್ಲಿ ಜೆದ್ದಾಕ್ಕೆ ಹೋಗುತ್ತಿದ್ದರು. ಅಲ್ಲಿಯೂ ಯಾತ್ರಿಕರಿಗೊಂದು ಜಾಗ, ಜಾಗಕ್ಕೊಂದು ದರ. ಆ ಸಂಪ್ರದಾಯ ಇವತ್ತಿಗೂ ಪೂರ್ತಿ ಹೋಗಿಲ್ಲ. ಚೆನ್ನೈ, ವಿಶಾಖಪಟ್ಟಣ, ಕೋಲ್ಕತ್ತಗಳಿಂದ ಅಂಡಮಾನಿಗೆ ಹೋಗುವ ಸರ್ಕಾರಿ ಹಡಗುಗಳಲ್ಲಿ ಬಂಕ್ ಕ್ಲಾಸಿನಿಂದ ಡಿಲಕ್ಸ್ ಕ್ಯಾಬಿನ್ನಿನವರೆಗೆ ಬರ್ತಿನ ಲೆಕ್ಕದಲ್ಲೇ ಟಿಕೆಟ್ಟು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ‘ಎಂ.ವಿ. ಕವರತ್ತಿ’ಯೂ ಹಾಗೆಯೇ. ಅದರ ‘ಸಮುದ್ರಂ’ ಪ್ಯಾಕೇಜಿನಲ್ಲಿ ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನಾಲ್ಕು ಬರ್ತಿನ ಕ್ಯಾಬಿನ್ನಿನಲ್ಲಿ ಗುರುತಿಲ್ಲದ ಮೂವರ ಜೊತೆ ಮಲಗಲು ಒಪ್ಪಿದರೆ ಒಬ್ಬರ ಹಣದಲ್ಲಿ ಕಡಲು ನೋಡಬಹುದು. ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಬೇಕು. ಅಂಡಮಾನಿನ ಹಡಗು ವಿಶಾಖಪಟ್ಟಣದಿಂದ ದಿನವೂ ಹೊರಡುವುದಿಲ್ಲ, ಕಾದು ಹಿಡಿಯಬೇಕು. ಎರಡು ಮೂರು ದಿನದ ದಾರಿಯಲ್ಲಿ ಮನರಂಜನೆ ಏನೂ ಇರುವುದಿಲ್ಲ. ಆದರೆ ವಿಹಾರದ ಹಡಗಿನಿಂದ ನೋಡಿದರೂ ಈ ಹಡಗುಗಳಿಂದ ನೋಡಿದರೂ ಕಡಲು ಒಂದೇ.

ಹೈದರಾಬಾದಿಗೆ ಇನ್ನೂ ಹತ್ತಿರದ್ದೆಂದರೆ ಕೃಷ್ಣಾ ನದಿ. ನಾಗಾರ್ಜುನಸಾಗರದಲ್ಲಿ ನೀರು ಸಾಕಷ್ಟು ನಿಂತಾಗ ತೆಲಂಗಾಣ ಪ್ರವಾಸೋದ್ಯಮ ನಿಗಮದ ಲಾಂಚು ಅಲ್ಲಿಂದ ಶ್ರೀಶೈಲದವರೆಗೆ ನಲ್ಲಮಲ ಕಾಡಿನ ನಡುವೆ ಹೋಗುತ್ತದೆ. ಸುಮಾರು 120 ಕಿಲೋಮೀಟರ್, ಇಡೀ ಹಗಲಿನ ಪ್ರಯಾಣ. ದರ ತಲೆಗಿಷ್ಟು, ಅಷ್ಟೆ. ಗೋದಾವರಿಯ ಪಾಪಿಕೊಂಡಲು ವಿಹಾರವೂ ಹೀಗೆಯೇ. ಅದರ ಹೆಸರು ಬಂದಾಗ 2019ರ ಸೆಪ್ಟೆಂಬರ್ 15ನ್ನು ಮರೆಯುವಂತಿಲ್ಲ. ಅಂದು ಪ್ರವಾಹದ ನೀರಿನಲ್ಲಿ ಕಚ್ಚುಲೂರಿನ ಬಳಿ ದೋಣಿ ಮುಳುಗಿ ಹಲವರು ಸತ್ತರು. ಹೈದರಾಬಾದ್, ವರಂಗಲ್ಲಿನವರೂ ಅವರಲ್ಲಿದ್ದರು. ಅಗ್ಗದ ಟಿಕೆಟ್ಟು ಹುಡುಕುವವರು ಲೈಫ್ ಜಾಕೆಟ್ಟಿನ ವಿಷಯದಲ್ಲಿ ಅಗ್ಗ ಹುಡುಕಬಾರದು. ನದಿ ತುಂಬಿ ಹರಿಯುವಾಗ ಯಾರು ಕರೆದರೂ ಹತ್ತಬಾರದು.

ದೊಡ್ಡ ಹಡಗಿಗೇ ಹೋಗಬೇಕೆನ್ನುವವರಿಗೂ ದಾರಿಗಳಿವೆ. ಶಾಲೆಗೆ ರಜೆ ಇರುವಾಗ, ದೀಪಾವಳಿಗೆ, ವರ್ಷದ ಕೊನೆಗೆ ಒಂಟಿಯವರಿಗೆ ರಿಯಾಯಿತಿ ಸಿಗುವುದು ಕಷ್ಟ, ಏಕೆಂದರೆ ಕ್ಯಾಬಿನ್ನು ಕುಟುಂಬಗಳಿಂದಲೇ ತುಂಬುತ್ತದೆ. ವಾರದ ನಡುವೆ ಹೊರಡುವ, ಮಳೆಗಾಲದ ಅಂಚಿನ ಯಾತ್ರೆಗಳನ್ನು ನೋಡಬೇಕು. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನು ಸಾಕು; ಮಲಗುವುದಕ್ಕೆ ಮಾತ್ರ ತಾನೆ, ಕಡಲು ಡೆಕ್ಕಿನ ಮೇಲಿಂದ ಕಾಣುತ್ತದೆ. ಕೊನೆ ಗಳಿಗೆಯ ರಿಯಾಯಿತಿಯನ್ನು ನಂಬುವವರು ಬಂದರಿಗೆ ಹೋಗುವ ಖರ್ಚನ್ನೂ ಸೇರಿಸಿ ನೋಡಲಿ. ಬಂದರಿನ ಊರಿನವರಿಗೆ ಅದು ಲಾಭ. ಇಲ್ಲಿಂದ ತತ್ಕಾಲ್ ಟಿಕೆಟ್ಟಿಗೋ ಹಿಂದಿನ ದಿನದ ವಿಮಾನಕ್ಕೋ ಕೊಡುವ ಹಣದಲ್ಲಿ ಉಳಿದದ್ದೆಲ್ಲ ಹೋಗಬಹುದು. ಮಹಿಳೆಯರ ಪ್ರವಾಸ ಏರ್ಪಡಿಸುವ ಕೆಲವು ಕಂಪನಿಗಳು ಕೋಣೆಗೆ ಜೊತೆಗಾರ್ತಿಯನ್ನು ಹುಡುಕಿಕೊಡುತ್ತವೆ. ನನ್ನ ದೃಷ್ಟಿಯಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯ ದಾರಿ. ಆದರೆ ಜೊತೆ ಸಿಗದಿದ್ದರೆ ಹೆಚ್ಚುವರಿ ಹಣ ಯಾರ ಪಾಲಿಗೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಕನ್ನಡ ಸಂಘಗಳೂ ಈ ಕೆಲಸ ಮಾಡಬಹುದು. ಒಂಟಿಯಾಗಿ ಹೊರಡುವ ಇಬ್ಬರನ್ನು ಪರಿಚಯಿಸಿಕೊಡಲು ಖರ್ಚೇನೂ ಇಲ್ಲ.

ದುಡ್ಡಿನ ಹಿಂದೆ ಇನ್ನೊಂದು ಪದರವಿದೆ. ಒಂಟಿಯಾಗಿ ಬಂದವರನ್ನು ನಮ್ಮ ಸಮಾಜ ಅನುಮಾನದಿಂದ ನೋಡುತ್ತದೆ. ಎಷ್ಟೋ ಯಾತ್ರಾಸ್ಥಳಗಳ ವಸತಿಗೃಹಗಳಲ್ಲಿ ಒಬ್ಬರಿಗೆ ಕೋಣೆ ಕೊಡುವುದಿಲ್ಲ. ಏನಾದರೂ ಮಾಡಿಕೊಂಡರೆ ಎಂಬ ಭಯ ಅದಕ್ಕೆ ಕಾರಣ. ಆ ಭಯ ಸುಳ್ಳೆನ್ನಲಾರೆ. ಆದರೆ ಕೆಲವರ ದುಃಖದ ಸಲುವಾಗಿ ಎಲ್ಲ ಒಂಟಿಯವರನ್ನೂ ಬಾಗಿಲಲ್ಲೇ ನಿಲ್ಲಿಸುವುದು ಪರಿಹಾರವಲ್ಲ. ಇದಕ್ಕೆ ಎದುರಾಗಿ, ರೈಲ್ವೆ ದೂರದ ಎಕ್ಸ್‌ಪ್ರೆಸ್ ರೈಲುಗಳ ಸ್ಲೀಪರ್ ದರ್ಜೆಯಲ್ಲಿ ಒಂಟಿಯಾಗಿಯೋ ಗುಂಪಿನಲ್ಲೋ ಹೋಗುವ ಮಹಿಳೆಯರಿಗೆಂದು ಆರು ಬರ್ತು ಮೀಸಲಿಟ್ಟಿದೆ. 2023ರ ಜೂನಿನಲ್ಲಿ ಕರ್ನಾಟಕದ ‘ಶಕ್ತಿ’, ಡಿಸೆಂಬರಿನಲ್ಲಿ ತೆಲಂಗಾಣದ ‘ಮಹಾಲಕ್ಷ್ಮಿ’ ಯೋಜನೆ ಬಂದು ಹೆಂಗಸರಿಗೆ ಬಸ್ಸಿನ ಟಿಕೆಟ್ಟು ಉಚಿತವಾದಾಗ ಏನಾಯಿತೆಂದು ನಾವೆಲ್ಲ ನೋಡಿದ್ದೇವೆ. ಯಾರ ಜೊತೆ, ಯಾರ ದುಡ್ಡಿನಲ್ಲಿ ಎಂದು ಕೇಳಿಸಿಕೊಳ್ಳದೆ ಹೆಣ್ಣುಮಕ್ಕಳು ತಾವಾಗಿ ಮನೆಯಿಂದ ಹೊರಟರು. ತಡೆದದ್ದು ಮನಸ್ಸಷ್ಟೇ ಅಲ್ಲ, ಟಿಕೆಟ್ಟಿನ ಬೆಲೆಯೂ ತಡೆದಿತ್ತು.

ಬೆಲೆ ಇಳಿಸೆಂದು ಖಾಸಗಿ ಕಂಪನಿಗೆ ಆಜ್ಞೆ ಮಾಡಲು ಬರುವುದಿಲ್ಲ, ಅದು ನನ್ನ ಬೇಡಿಕೆಯೂ ಅಲ್ಲ. ಆದರೆ ಬೆಲೆಯನ್ನು ಮುಚ್ಚಿಡಬೇಡಿ ಎಂದು ಕೇಳಲು ಕಾನೂನಿನ ಬಲವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿದೆ. ಬೆಲೆಯ ಒಂದು ಭಾಗವನ್ನು ಮೊದಲು ತೋರಿಸಿ ಉಳಿದದ್ದನ್ನು ಕೊನೆಯಲ್ಲಿ ಸೇರಿಸುವುದು ಅವುಗಳಲ್ಲೊಂದು. ಒಬ್ಬರಿಗೆ ಎಷ್ಟು ಎಂಬುದನ್ನು ನಕ್ಷತ್ರದ ಅಡಿಯಲ್ಲಿ ಬಚ್ಚಿಡುವುದೂ ಆ ಜಾತಿಯದೇ ಎಂದು ನನ್ನ ಅಭಿಪ್ರಾಯ. ಐಆರ್‌ಸಿಟಿಸಿ ತನ್ನ ಪ್ರವಾಸ ಪ್ಯಾಕೇಜುಗಳಲ್ಲಿ ಒಬ್ಬರಿಗೆ, ಇಬ್ಬರಿಗೆ, ಮೂವರಿಗೆ ಎಂದು ದರಗಳನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಕೊಡುತ್ತದೆ. ಒಬ್ಬರ ದರ ಅಲ್ಲಿಯೂ ಹೆಚ್ಚೇ, ಆದರೆ ಕಣ್ಣಿಗೆ ಕಾಣುತ್ತದೆ. ಇದನ್ನು ಎಲ್ಲರೂ ಮಾಡಬಹುದು.

ಕೇಂದ್ರ ಬಂದರು ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿ, 2029ರೊಳಗೆ ಹಡಗಿನ ಪ್ರಯಾಣಿಕರನ್ನು ಇಮ್ಮಡಿ ಮಾಡುವ ಗುರಿ ಇಟ್ಟುಕೊಂಡಿದೆ. ಟರ್ಮಿನಲ್ಲುಗಳಿಗೆ ಸಾರ್ವಜನಿಕ ಹಣ ಹೋಗುತ್ತಿದೆ. ಹಾಗಿರುವಾಗ ಅಲ್ಲಿಂದ ಹೊರಡುವ ಪ್ರತಿಯೊಂದು ಹಡಗಿನಲ್ಲೂ ಒಬ್ಬರಿಗೆಂದು ಕೆಲವು ಕ್ಯಾಬಿನ್ನುಗಳಿರಲಿ, ಇಲ್ಲವೇ ಬರ್ತಿನ ಲೆಕ್ಕದಲ್ಲಿ ಹಂಚಿಕೊಳ್ಳುವ ಕ್ಯಾಬಿನ್ನುಗಳಿರಲಿ ಎಂದು ಸಚಿವಾಲಯ ಷರತ್ತು ಹಾಕಬೇಕು. ಅಲ್ಲಿಯವರೆಗೆ, ಒಂಟಿಯಾಗಿ ಹೊರಡುವ ಓದುಗರು ಒಂದು ಕೆಲಸ ಮಾಡಿ: ತಲೆಗೆಷ್ಟು ಎಂದು ಕೇಳಬೇಡಿ. ಒಬ್ಬರೇ ಹೋಗಿ ಬರಲು ತೆರಿಗೆ, ಶುಲ್ಕ, ಟಿಪ್ಸು ಎಲ್ಲ ಸೇರಿ ಒಟ್ಟು ಎಷ್ಟು ಎಂದು ಕೇಳಿ, ಬರೆಸಿಕೊಳ್ಳಿ. ಬರೆದುಕೊಡದ ಅಂಗಡಿಯಲ್ಲಿ ಟಿಕೆಟ್ಟು ಕೊಳ್ಳಬೇಡಿ.